ಕೌನ್ಸೆಲಿಂಗ್ ಕ್ಲಾಸಿನ ನನ್ನ ಸೀಟು

ಪದ್ಮಶ್ರೀ ಮೇಡಂಗೆ,

ಶಿಡ್ಲಘಟ್ಟದಿಂದ ಯಶೋಧರಾ ಮಾಡೋ ನಮಸ್ಕಾರ.

ನಿಮ್ಮ ವಿಡಿಯೋಗೆಲ್ಲ ಫಸ್ಟ್ ಕಾಮೆಂಟ್ ಹಾಕೋಳು ನಾನೇ. ಮೆಸೇಜ್ ಆದ್ರೆ ಕಳಿಸಿದ ಮೇಲೆ ಡಿಲೀಟ್ ಮಾಡ್ಬಿಡ್ತೀನಿ, ಅದಕ್ಕೆ ಪೇಪರ್ ಮೇಲೆ ಬರೀತಿದೀನಿ. ನಿಮ್ಮ ಕೌನ್ಸೆಲಿಂಗ್ ಕೋರ್ಸಲ್ಲಿ ನಂಗೆ ಕೊಟ್ಟಿರೋ ಸೀಟು ಈ ಸಲ ಬೇರೆಯವರಿಗೆ ಕೊಡಿ, ಮೇಡಂ.

ಗೌರಿಬಿದನೂರಲ್ಲಿರೋ ನನ್ನ ಫ್ರೆಂಡ್ ಯಾಮಿನಿಯ ಅಮ್ಮ ಹೋದ ತಿಂಗಳು ತೀರ್ಕೊಂಡ್ರು. "ನಿದ್ದೆನೇ ಬರ್ತಿಲ್ಲ ಕಣೇ" ಅಂತ ಅವಳು ಮೆಸೇಜ್ ಮಾಡಿದ್ಲು. ನಾನು ಕೌನ್ಸೆಲರ್ ಆಗೋಳಲ್ವಾ, 'ನಂಬಿಕೆ ಇಡಿ, ಗಾಯ ಮಾಯುತ್ತೆ' ಅಂತೀರಲ್ಲ, ಆ ಥರದ ನಿಮ್ಮ ವಿಡಿಯೋಗಳನ್ನ ಒಂದರ ಹಿಂದೆ ಒಂದು ಕಳಿಸಿದೆ.

"ಮೇಡಂನ ನಾನೂ ನೋಡ್ತೀನಿ ಕಣೇ ತಾಯಿ," ಅಂದ್ಲು. "ನಾನು ಕೇಳ್ತಿರೋದು ನಿನ್ನ. ವೇಣು ಹೋದಾಗ ನೀನೆಂಗೆ ತಡ್ಕೊಂಡೆ?"

ವೇಣು ನನ್ನ ತಮ್ಮ. ಅವನು ತೀರ್ಕೊಂಡ ಮೇಲೆ, ಮೊದಲು ಪ್ರಾರ್ಥನೆಗೆ ಹೋಗ್ತಿದ್ದ ಬುದ್ಧವಿಹಾರದ ಮೆಟ್ಲು ನಾನು ಹತ್ತಿಲ್ಲ, ಮನೇಲಿ ಅವನ ಹೆಸರೂ ಎತ್ತಿಲ್ಲ. ಯಾಮಿನಿಗೆ ಬರೀ ಕೈಮುಗಿಯೋ ಇಮೋಜಿ ಹಾಕಿದೆ. ಅವತ್ತಿಂದ ಅವಳು ನನ್ನ ಫೋನೂ ಎತ್ತುತ್ತಿಲ್ಲ.

ಭಾನುವಾರ ಚಿಕ್ಕಬಳ್ಳಾಪುರಕ್ಕೆ, ನಿಮ್ಮ ಹತ್ರ ಕೌನ್ಸೆಲಿಂಗ್ ತಗೊಳ್ಳೋಕೆ ಬರ್ಲಾ? ವೇಣು ಬಗ್ಗೆ ಕೇಳಿ, ಮೇಡಂ. ನಾನು ಜೋಕ್ ಹೊಡೆದು ಮಾತು ತಿರುಗಿಸ್ತೀನಿ. ಆಗ ದಯವಿಟ್ಟು ಇನ್ನೊಂದ್ಸಲ ಕೇಳಿ.

ನಿಮ್ಮ
ಯಶೋಧರಾ