ಒಂಬತ್ತು ಮೆಟ್ಟಿಲು, ಒಂದು ಮೇಜು

ವೆಸ್ಟ್ ಮಾಂಬಲಂ, ಚೆನ್ನೈ
6 ಅಕ್ಟೋಬರ್ 2003, ಸೋಮವಾರ

ಪ್ರೀತಿಯ ಅನೂನ ಅಪ್ಪನಿಗೆ,

ಜಯಲಕ್ಷ್ಮಿಯ ನಮಸ್ಕಾರಗಳು. ಆರೋಗ್ಯ ಹೇಗಿದೆ? ಮೊಣಕಾಲಿನ ನೋವು ಕಡಿಮೆಯಾಯಿತೇ? ದಿನಕ್ಕೆ ಎಷ್ಟು ಸಲ ಆ ಇಂಜಿನ್ ರೂಮಿನ ಕಬ್ಬಿಣದ ಏಣಿ ಹತ್ತಿಳಿಯುತ್ತೀರೋ, ನೆನೆಸಿಕೊಂಡರೆ ನನಗೇ ಇಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. ಸೂಟ್‌ಕೇಸಿನಲ್ಲಿ ಬನಿಯನ್ನುಗಳ ಮಧ್ಯೆ ಇಟ್ಟ ಎಣ್ಣೆ ಸೀಸೆ ಒಡೆಯದೆ ಉಳಿದಿದ್ದರೆ ಹಚ್ಚಿಕೊಳ್ಳಿ, ಅದನ್ನು ನೋಡಿಕೊಂಡು ಕೂರಬೇಡಿ. ಹಡಗಿನ ಅಡುಗೆಯವನು ಇನ್ನೂ ಸಾರಿಗೆ ಸಕ್ಕರೆ ಹಾಕುತ್ತಿದ್ದಾನಾ? ನಾವು ಇಲ್ಲಿ ಚೆನ್ನಾಗಿದ್ದೇವೆ. ನೀರಿನದೊಂದೇ ಗೋಳು. ಲಾರಿ ಎರಡು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಬೀದಿಯಲ್ಲಿ ಹಸಿರು, ಕೆಂಪು, ನೀಲಿ ಕೊಡಗಳ ಮೆರವಣಿಗೆ. ಅನು ಹತ್ತನೇ ಕ್ಲಾಸಿನ ಪುಸ್ತಕಗಳನ್ನು ಹರಡಿಕೊಂಡು ಕೂರುತ್ತಾಳೆ, ಓದುತ್ತಾಳೋ ಇಲ್ಲವೋ ಆ ದೇವರಿಗೇ ಗೊತ್ತು. ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ 'ವಿಡು ಮ್ಮಾ' ಅನ್ನುತ್ತಾಳೆ, ಬಿಡಮ್ಮಾ ಅಂತ. ಕೆಳಗಿನ ಮನೆಯ ಗೋದಾಬಾಯಿಯವರು, ನಮ್ಮ ಮನೆ ಓನರ್ರೇ ಆದರೂ ನನಗೆ ತಾಯಿಯ ಹಾಗೆ, ನಿಮ್ಮನ್ನು ವಾರಕ್ಕೊಮ್ಮೆ ಕೇಳುತ್ತಾರೆ.

ನಿಮ್ಮ ಕಾಗದ ಸಿಂಗಾಪುರದ ಮುದ್ರೆ ಹೊತ್ತು ಕಳೆದ ತಿಂಗಳು ಹದಿನೆಂಟನೇ ತಾರೀಕು ಬಂತು. ಅದರೊಳಗೆ ಮಡಿಸಿಟ್ಟ ಇನ್ನೊಂದು ಹಾಳೆಯೂ ಸಿಕ್ಕಿತು. ಇಂಗ್ಲೆಂಡಿನ ಬೊಂಬೆ ಕಂಪೆನಿಗೆ ನೀವು ಬರೆದದ್ದು: ಡೀಲರ್‌ಶಿಪ್ ಬಿಟ್ಟುಕೊಡುತ್ತಿದ್ದೇನೆ, ನಿಮ್ಮ ಸರಕು ವಾಪಸ್ ತೆಗೆದುಕೊಂಡು ಹೋಗಿ ಅಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ನಿಮ್ಮ ಉದ್ದನೆಯ ಸಹಿ. ನನಗೆ ಕನ್ನಡದಲ್ಲಿ ಒಂದೇ ಸಾಲು. 'ಸುಮ್ಮನೆ ರಗಳೆ ಯಾಕೆ, ಮುಚ್ಚಿಬಿಡು ಜಯಾ.' ಅಲ್ಲಾ ರೀ, ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ! ವಿಶಾಖಪಟ್ಟಣದಲ್ಲಿ ನನ್ನ ಹೊಲಿಗೆ ತರಗತಿಗೆ ಹನ್ನೊಂದು ಹುಡುಗಿಯರು ಬರುತ್ತಿದ್ದಾಗ ಇದೇ ಮಾತು. ಮಂಗಳೂರಿನಲ್ಲಿ ಸಂಗೀತ ಪಾಠಕ್ಕೂ ಇದೇ ಮಾತು. ಆಗೆಲ್ಲ ತಲೆಯಾಡಿಸಿದೆ, ಪೆಟ್ಟಿಗೆ ಕಟ್ಟಿದೆ. ಈ ಸಲ ತಲೆಯಾಡಿಸಲು ನನಗೆ ಮನಸ್ಸಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹಾಳೆಯನ್ನು ಏನು ಮಾಡಿದೆ ಅನ್ನುವುದನ್ನು ಕೊನೆಗೆ ಬರೆಯುತ್ತೇನೆ. ಈಗ ಸಮಾಧಾನದಿಂದ ಓದಿ, ಕಾಗದ ಮಡಿಸಿ ಜೇಬಿಗೆ ಹಾಕಿಕೊಳ್ಳಬೇಡಿ.

ಇದಕ್ಕೆಲ್ಲ ಮೂಲ ನೀವೇ ಅನ್ನುವುದು ನೆನಪಿರಲಿ. ನಾಲ್ಕು ವರ್ಷದ ಹಿಂದೆ ಸೌತಾಂಪ್ಟನ್ನಿನಿಂದ ಅನುವಿಗೆ ಅಂತ ಆ ಪೆಟ್ಟಿಗೆ ತಂದವರು ಯಾರು? ಹೆಬ್ಬೆರಳಿನಷ್ಟು ಎತ್ತರದ ಸೀಸದ ಸಿಪಾಯಿಗಳು, ಕುದುರೆಗಳು, ಕೊಂಬಿನ ರಾಕ್ಷಸರು, ಒಂದಕ್ಕೂ ಬಣ್ಣವಿಲ್ಲ. ಬಣ್ಣ ನಾವೇ ಬಳಿದು, ಮೇಜಿನ ಮೇಲೆ ದಂಡು ಕಟ್ಟಿ, ಟೇಪು ಹಿಡಿದು ದೂರ ಅಳೆದು, ದಾಳ ಹಾಕಿ ಯುದ್ಧ ಆಡಬೇಕಂತೆ. ಅನು ಎರಡು ದಿನ ಆಡಿ ಬಿಟ್ಟಳು, ನಾನು ಹಿಡಿದೆ. ಮೈಸೂರಿನಲ್ಲಿ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ ದಸರಾ ಬೊಂಬೆಗಳನ್ನು ಕೆಳಗಿಳಿಸಿ, ಮಾಸಿದ ಸೀರೆಯಂಚು, ಅಳಿಸಿದ ಹುಬ್ಬು ತಿದ್ದುವ ಕೆಲಸ ನಮ್ಮಮ್ಮ ನನಗೇ ವಹಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಕಣ್ಣು, ಸ್ನಾನ ಮಾಡಿ ಬಂದು ಕಣ್ಣು. ಆ ಕೈ ಮರೆಯುತ್ತದೆಯೇ? ನಿಮ್ಮ ಸಿಪಾಯಿಗಳಿಗೂ ಹಾಗೇ ಕಣ್ಣು ಬಿಡಿಸಿದೆ. ನೀವೇ ಹುಬ್ಬೇರಿಸಿ 'ಭಲೇ' ಅಂದಿರಿ, ಮುಂದಿನ ಸಲ ಹೋದಾಗ ಕಂಪೆನಿಗೆ ತೋರಿಸಿ ಡೀಲರ್‌ಶಿಪ್ಪೇ ತಂದುಬಿಟ್ಟಿರಿ, ನಿಮ್ಮ ಹೆಸರಿಗೆ. ಅನು ಬ್ರೌಸಿಂಗ್ ಸೆಂಟರಿನಲ್ಲಿ ಕೂತು ವೆಬ್‌ಸೈಟು ಮಾಡಿದಳು. ಚೆನ್ನೈನಲ್ಲಿ ಕೊಳ್ಳುವವರು ಬೆರಳೆಣಿಕೆ. ಆದರೆ ಕೊಯಮತ್ತೂರಿನ ಹಲ್ಲಿನ ಡಾಕ್ಟರು, ಗುವಾಹಟಿಯ ಬ್ಯಾಂಕಿನವರು, ಸಿಕಂದರಾಬಾದಿನ ರಿಟೈರ್ಡ್ ಸುಬೇದಾರರು, ಪುಣೆಯ ಕಾಲೇಜು ಹುಡುಗಿಯರು, ಹೀಗೆ ನೂರಹನ್ನೆರಡು ಜನ ನನ್ನ ಫೋಟೋಗಳನ್ನು ನೋಡಿಯೇ ಕೇಳಿ ತರಿಸಿಕೊಂಡರು. ಸುಬೇದಾರರು ಒಂದು ಸಲ, ನಿಮ್ಮ ಸಿಪಾಯಿ ನನ್ನನ್ನೇ ನೋಡುತ್ತಾನೆ ತಾಯೀ ಅಂತ ಬರೆದಿದ್ದರು. ಆ ದಿನ ನನಗೆ ಊಟವೇ ಬೇಕಾಗಲಿಲ್ಲ ರೀ, ಅಷ್ಟು ಸಂತೋಷ.

ಈಗ ಕಂಪೆನಿಯವರ ಹೊಸ ನಿಯಮ. ನೀವು ಕೊಲಂಬೊದಿಂದ ಫೋನ್ ಮಾಡಿದಾಗ ಓದಿ ಹೇಳಿದ್ದೆ, ನಿಮಗೆ ಇಂಜಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸಿತೋ ಇಲ್ಲವೋ. ಅಕ್ಟೋಬರ್ ಒಂದರಿಂದ ಯಾವ ಡೀಲರೂ ಇಂಟರ್ನೆಟ್ಟಿನಲ್ಲಿ ಮಾರುವಂತಿಲ್ಲ, ಅಲ್ಲಿ ಇನ್ನು ಕಂಪೆನಿಯೊಂದೇ ಮಾರುತ್ತದೆ. ಡೀಲರು ಅಂದರೆ ಅಂಗಡಿ ಇರಬೇಕು, ಸಾರ್ವಜನಿಕರು ಒಳಗೆ ಬಂದು ಹೋಗುವಂತಿರಬೇಕು, ಬೊಂಬೆ ಜೋಡಿಸಲು ಕನಿಷ್ಠ ಐದು ಹಂತದ ಶೆಲ್ಫು, ಆಡಿ ತೋರಿಸಲು ಒಂದು ಮೇಜು. ಇದಿಲ್ಲದವರ ಸರಕನ್ನು ಸೆಪ್ಟೆಂಬರ್ ಕೊನೆಗೆ ವಾಪಸ್ ಒಯ್ಯುತ್ತಾರೆ, ಯಾಕೆಂದರೆ ಮಾರುವ ತನಕ ಅದು ಅವರದ್ದೇ. ನೋಡಿ ಎಂಥ ಜಾಣರು! ಮೂರು ವರ್ಷ ಒಬ್ಬೊಬ್ಬರಿಗೂ ಕಾಗದ ಬರೆದು, ಮುರಿದ ಕತ್ತಿ ಅಂಟಿಸಿಕೊಟ್ಟು ಗಿರಾಕಿಗಳನ್ನು ಮಾಡಿಕೊಂಡವಳು ನಾನು. ಈಗ ಅವರೆಲ್ಲ ಕಂಪೆನಿಯ ಪಾಲು, ನನಗೆ ದೊಡ್ಡ ನಮಸ್ಕಾರ. ವೆಬ್‌ಸೈಟಿನ ಅಂಗಡಿಯನ್ನು ಮೂವತ್ತನೇ ತಾರೀಕು ನಾನೇ ಅನು ಕೈಲಿ ತೆಗೆಸಿದೆ, ನಿಯಮ ಮುರಿಯುವ ಬುದ್ಧಿ ನನಗಿಲ್ಲ. ಆದರೆ ಆ ಕಾಗದವನ್ನು ಮೂರು ಸಲ ಓದಿದೆ, ಅನು ಡಿಕ್ಷನರಿ ಹಿಡಿದು ನಾಲ್ಕನೇ ಸಲ ಓದಿದಳು. ಅಂಚೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಆ ಕಾಗದ ಬಂದ ದಿನವೇ ಪೋಸ್ಟಾಫೀಸಿಗೆ ಹೋಗಿ ಕಾರ್ಡುಗಳ ಕಟ್ಟು ತಂದು, ಇನ್ನು ಅಂಚೆಯಲ್ಲೇ ಬರೆಯಿರಿ, ದಸರೆಗೆ ಬೊಂಬೆ ನೋಡಲು ಬನ್ನಿ ಅಂತ ನೂರಹನ್ನೆರಡು ಜನರಿಗೂ ಬರೆದೆ.

ಇನ್ನು ನಡೆದದ್ದನ್ನು ಕೇಳಿ. ಈ ವರ್ಷ ಸಿಟ್ಟಿನಲ್ಲೇ ಬೊಂಬೆ ಕೂರಿಸಿದೆ. ಮೇಲಿನ ಮೆಟ್ಟಿಲಿಗೆ ನಮ್ಮ ಪಟ್ಟದ ರಾಜ ರಾಣಿ, ಅವರ ಕೆಳಗೆ ದಶಾವತಾರ, ಚೆಟ್ಟಿಯಾರ್ ದಂಪತಿ, ಎಲ್ಲ ಎಂದಿನಂತೆ. ಉಳಿದ ಮೆಟ್ಟಿಲುಗಳಿಗೆ ಕಂಪೆನಿಯ ಸರಕು ಪೂರ್ತಿ ಪೆಟ್ಟಿಗೆಯಿಂದ ತೆಗೆದು ಜೋಡಿಸಿಬಿಟ್ಟೆ. ಹೇಗೂ ಒಯ್ಯುತ್ತಾರಲ್ಲ, ನಾಲ್ಕು ದಿನ ನಮ್ಮ ರಾಜನಿಗೆ ದಂಡಾದರೂ ಇರಲಿ ಅಂತ. ಅದಕ್ಕಿಂತ ಹೆಚ್ಚಿನ ಉಪಾಯವೇನೂ ನನ್ನ ತಲೆಯಲ್ಲಿರಲಿಲ್ಲ, ನಿಮ್ಮಾಣೆ. ಒಂಬತ್ತು ಮೆಟ್ಟಿಲು ತುಂಬಿತು. ಸೋಮವಾರ ಇಪ್ಪತ್ತೊಂಬತ್ತನೇ ತಾರೀಕು ಸಂಜೆ, ಮನೆ ತುಂಬ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದಾಗ, ಕಂಪೆನಿಯ ಮುಂಬಯಿ ಆಫೀಸಿನವನು ಬಂದ. ಸೌಂದರರಾಜನ್ ಅಂತೆ, ಮೈಲಾಪುರದ ಹುಡುಗ, ಟೈ ಕಟ್ಟಿದ್ದ. ಬಾಗಿಲಲ್ಲೇ ಬೂಟು ಬಿಚ್ಚಿದ, ಅದೊಂದು ಒಳ್ಳೆಯ ಬುದ್ಧಿ. ಸರಕು ಎಲ್ಲಿ ಅಂದ. ತೋರಿಸಿದೆ. ಪಟ್ಟಿ ತೆಗೆದು, ಐದನೇ ಮೆಟ್ಟಿಲಿನ ಕುದುರೆ ಸವಾರನ ಮೇಲೆ ಕೈ ಹಾಕಿದ ನೋಡಿ, ಗೋದಾಬಾಯಿಯವರು ಕೂತಲ್ಲಿಂದಲೇ ಗದರಿಸಿದರು: 'ಏಯ್! ಕೂರಿಸಿದ ಬೊಂಬೇನ ಯಾರಾದ್ರೂ ಎತ್ತಾರೇನೋ!' ಆಮೇಲೆ ಅದನ್ನೇ ತಮಿಳಿನಲ್ಲಿ ಹೇಳಿದರು, ಆದರೆ ಅಷ್ಟರಲ್ಲಿ ಅವನು ಬಿಸಿ ಕಾವಲಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡಿದ್ದ. ಅವನ ಮನೆಯಲ್ಲೂ ಕೊಲು, ಅಂದರೆ ನಮ್ಮ ದಸರಾ ಬೊಂಬೆಯೇ, ಇದೆ, ವಿಜಯದಶಮಿಯ ತನಕ ಮೆಟ್ಟಿಲಿನಿಂದ ಒಂದು ಬೊಂಬೆಯನ್ನೂ ಕದಲಿಸುವಂತಿಲ್ಲ ಅನ್ನುವುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಕಡಲೆಕಾಳು ಉಸಲಿ ಕೊಟ್ಟೆ. ತಿಂದ. ಕಂಪೆನಿಗೆ ಏನು ಹೇಳಲಿ ಅಂದ. ದೇವರ ಮುಂದೆ ಕೂತಿವೆ ಅಂತ ಹೇಳಪ್ಪಾ ಅಂದೆ. ಪಾಪ, ಬೂಟು ಹಾಕಿಕೊಂಡು ಹೋದ.

ಆಮೇಲಿನ ಐದು ದಿನ ನಮ್ಮ ಮನೆ ಹೇಗಿತ್ತು ಅಂತೀರಿ! ಮೊದಲ ದಿನ ಬಂದ ಹೆಂಗಸರು ಮರುದಿನ ಮಕ್ಕಳನ್ನು ಕರೆತಂದರು, ಮಕ್ಕಳು ಅಪ್ಪಂದಿರನ್ನು. ಊಟದ ಮೇಜನ್ನು ಹಾಲಿಗೆ ಎಳೆದು ಹಸಿರು ಬಟ್ಟೆ ಹಾಸಿದೆ, ಅನು ಯುದ್ಧದ ಆಟ ಹೇಳಿಕೊಡಲು ನಿಂತಳು. ತಮಿಳಿನಲ್ಲಿ ಎಷ್ಟು ಚೆಂದ ಮಾತಾಡುತ್ತಾಳೆ ರೀ ನಿಮ್ಮ ಮಗಳು, ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಕಾರ್ಡು ತಲುಪಿ, ಕೊಯಮತ್ತೂರಿನ ಡಾಕ್ಟರು ಕ್ಲಿನಿಕ್ಕಿಗೆ ರಜೆ ಹಾಕಿ ಬಂದರು. ಶನಿವಾರ ಆಯುಧಪೂಜೆಯ ದಿನ ಸಿಕಂದರಾಬಾದಿನಿಂದ ಸುಬೇದಾರರೂ ಬಂದಿಳಿದರು. ಎಪ್ಪತ್ತು ವರ್ಷದ ಮನುಷ್ಯ, ಆ ಸಿಪಾಯಿಗಳ ಎದುರು ಅಟೆನ್ಷನ್ನಿನಲ್ಲಿ ನಿಂತರು. ಅದೇ ಹೊತ್ತಿಗೆ ಸೌಂದರರಾಜನ್ ತಾಯಿಯನ್ನು ಕರೆದುಕೊಂಡು ಮತ್ತೆ ಬಂದ. ಸಿಪಾಯಿ ಕೊಲು ನೋಡಬೇಕು ಅಂತ ಆಕೆಯೇ ಹಟ ಹಿಡಿದಿದ್ದರಂತೆ. ಒಂದು ಹಾಡು ಹೇಳಿದರು, ಕುಂಕುಮ ತೆಗೆದುಕೊಂಡರು, ಮೆಟ್ಟಿಲು ನೋಡಿದರು, ಮೇಜಿನ ಸುತ್ತ ಗಲಾಟೆ ಮಾಡುತ್ತಿದ್ದ ಜನರನ್ನು ನೋಡಿದರು. ಮಗನ ಕಡೆ ತಿರುಗಿ, 'ಎನ್ನಡಾ, ಇದು ಕಡೈ ಇಲ್ಲೇನ್ನಾ ಊರಿಲೆ ಎದುವುಮೇ ಕಡೈ ಇಲ್ಲೆ' ಅಂದರು. ಇದು ಅಂಗಡಿಯಲ್ಲ ಅಂದರೆ ಊರಲ್ಲಿ ಯಾವುದೂ ಅಂಗಡಿಯಲ್ಲ ಅಂತ! ನನಗೆ ಆಗ ಹೊಳೆಯಿತು. ಏನಪ್ಪಾ ನಿನ್ನ ನಿಯಮ, ಓದು ಮತ್ತೊಂದು ಸಲ ಅಂದೆ. ಸಾರ್ವಜನಿಕರು ಬಂದು ಹೋಗುತ್ತಾರಾ? ಬೀದಿಗೆ ಬೀದಿಯೇ ಬಂದಿದೆ. ಐದು ಹಂತದ ಶೆಲ್ಫು ಇದೆಯಾ? ಒಂಬತ್ತಿದೆ, ನಾಲ್ಕು ನಿನ್ನ ಕಂಪೆನಿಗೆ ನನ್ನ ಉಡುಗೊರೆ. ಮೇಜು? ಅಲ್ಲೇ ಇದೆ, ಸುಬೇದಾರರು ಡಾಕ್ಟರನ್ನು ಸೋಲಿಸುತ್ತಿದ್ದಾರೆ. ಹಬ್ಬ ಮುಗಿದ ಮೇಲೆ ಮೆಟ್ಟಿಲು ಬಿಚ್ಚುತ್ತೀರಲ್ಲ ಅಂತ ಕೇಳಿದ, ಚೂಟಿಯೇ ಹುಡುಗ. ನಮ್ಮ ರಾಜ ರಾಣಿ ಮಾತ್ರ ಪೆಟ್ಟಿಗೆಗೆ ಹೋಗುತ್ತಾರೆ, ಮೆಟ್ಟಿಲು ಇಲ್ಲೇ ಇರುತ್ತದೆ, ಕೆಳಗೆ ಬೋರ್ಡು ಹಾಕಲು ಮನೆ ಓನರ್ರೇ ಒಪ್ಪಿದ್ದಾರೆ ಅಂದೆ. ಗೋದಾಬಾಯಿಯವರಿಗೆ ಆ ಮಾತು ಅದೇ ಮೊದಲು ಕಿವಿಗೆ ಬಿದ್ದದ್ದು, ಆದರೂ ಗಟ್ಟಿಯಾಗಿ 'ಹೌದು ಹೌದು' ಅಂದರು. ಅವನು ಬ್ಯಾಗಿನಿಂದ ಫಾರ್ಮು ತೆಗೆದು ಒಂದೊಂದಾಗಿ ಬರೆದುಕೊಂಡ.

ನಿನ್ನೆ ವಿಜಯದಶಮಿ. ಆರತಿಯಾದ ಮೇಲೆ ರಾಜನನ್ನು ಮಲಗಿಸಿದೆ, ಇವತ್ತು ಬೆಳಗ್ಗೆ ಹಳೇ ಪಂಚೆಯಲ್ಲಿ ಸುತ್ತಿ ಇಟ್ಟೆ. ಸಿಪಾಯಿಗಳು ನಿಂತಲ್ಲೇ ನಿಂತಿದ್ದಾರೆ. ಗುವಾಹಟಿಯಿಂದ ಒಂದು ಕಾರ್ಡು ಬಂದಿದೆ, ಇಪ್ಪತ್ತು ಬಿಲ್ಲುಗಾರರು ಬೇಕಂತೆ, ಬಣ್ಣ ನನ್ನದೇ ಆಗಬೇಕಂತೆ. ನೀವು ನನ್ನ ಮೇಲೆ ಕೋಪ ಮಾಡಿಕೊಳ್ಳಬಹುದು. ಮಾಡಿಕೊಳ್ಳಿ. ರಾಟರ್‌ಡ್ಯಾಮ್ ತಲುಪುವ ಹೊತ್ತಿಗೆ ಇಳಿದರೆ ಸಾಕು. ಅಲ್ಲಿ ಚಳಿ ಶುರುವಾಗಿರುತ್ತದೆ, ಮಫ್ಲರ್ ಮರೆಯಬೇಡಿ. ಅನು ನಿಮಗೆ ಮುತ್ತು ಕಳಿಸಿದ್ದಾಳೆ, ಗೋದಾಬಾಯಿಯವರು ಆಶೀರ್ವಾದ ಕಳಿಸಿದ್ದಾರೆ. ಚಾಮುಂಡಿ ನಿಮ್ಮನ್ನು ನೀರಿನ ಮೇಲೆ ಕಾಯಲಿ, ನನ್ನನ್ನು ಇಲ್ಲಿ ನಾನೇ ಕಾಯ್ದುಕೊಳ್ಳುತ್ತೇನೆ.

ನಿಮ್ಮ
ಜಯಾ

ಮರೆತೆ: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಫಾರ್ಮಿನ ಕೊನೆಯ ಸಾಲಿಗೆ ಡೀಲರಿನ ಹೆಸರು, ಸಹಿ ಬೇಕು ಅಂದ ಸೌಂದರರಾಜನ್. ನಿಮ್ಮ ಹಾಳೆ ಹತ್ತು ದಿನವೂ ಪಟ್ಟದ ರಾಣಿಯ ಪೀಠದ ಕೆಳಗೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೊಟ್ಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕೊಡಲಿಲ್ಲ. ಅಚ್ಚು ಹಾಕಿದ್ದ ನಿಮ್ಮ ಹೆಸರಿನ ಮೇಲೆ ಗೀಟು ಎಳೆದು ಜಯಲಕ್ಷ್ಮಿ ಅಂತ ಬರೆದೆ. ಅವನು ಗಂಡನ ಹೆಸರು ಕೇಳುತ್ತಾನೇನೋ ಅಂತ ಕಾದೆ, ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅದರ ಕೆಳಗೇ ಸಹಿ ಮಾಡಿದೆ ರೀ. ಮುಂಬಯಿಯಿಂದ ಒಪ್ಪಿಗೆ ಆಗಿದೆ ಅಂತ ಇವತ್ತು ಮಧ್ಯಾಹ್ನ ಫೋನ್ ಬಂತು. ನಿಮ್ಮ ಹಾಳೆಯನ್ನು ಈ ಲಕೋಟೆಯಲ್ಲೇ ವಾಪಸ್ ಇಟ್ಟಿದ್ದೇನೆ, ಒಂದು ಸುಕ್ಕೂ ಬಿದ್ದಿಲ್ಲ. ಹರಿದು ಸಮುದ್ರಕ್ಕೆ ಹಾಕಿ. ಇನ್ನು ಈ ಅಂಗಡಿ ಮುಚ್ಚಲು ನಿಮ್ಮ ಸಹಿ ನಡೆಯುವುದಿಲ್ಲ.