ಹನ್ನೊಂದು ಅಂದಿರಲ್ಲ, ಮೇಷ್ಟ್ರೇ

ನಮ್ಮ ಮನೆಯ ಮೇಷ್ಟ್ರಿಗೆ,

ನಿಮ್ಮ ಹೆಂಡತಿ, ಬೀದಿಯವರ ಬಾಯಲ್ಲಿ ಟೈಲರಮ್ಮ, ಮಾಡುವ ನಮಸ್ಕಾರ. ಅಂಗಡಿಯಲ್ಲಿ ಕತ್ತರಿ ಬದಿಗಿಟ್ಟು ಬರೆಯುತ್ತಿದ್ದೇನೆ. ನಾಳೆ ಆಸ್ಪತ್ರೆಗೆ ಬಂದು, ನಿಮ್ಮ ಮಂಚದ ಪಕ್ಕ ಕೂತು ನಾನೇ ಓದಿ ಹೇಳುತ್ತೇನೆ. ಬರಿಗೈಯಲ್ಲಿ ಎದುರಿಗೆ ಕೂತರೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ, ಅದಕ್ಕೇ ಈ ಕಾಗದ.

ನೆನಪಿದೆಯಾ, ಮೊದಲ ಸಲ ನೀವು ಪ್ಯಾಂಟಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಲು ಬಂದಿದ್ದು? ಹೊಲಿಗೆ ಮೆಷಿನ್ನಿನ ತಗಡಿನ ಮೇಲಿದ್ದ ನಂಬರನ್ನೇ ದಿಟ್ಟಿಸುತ್ತ ಕೂತಿರಿ. ನನ್ನ ಮುಖ ನೋಡಬಹುದಿತ್ತು, ನೋಡಲಿಲ್ಲ. ಆಮೇಲೆ, "ಇದು ಹಠಮಾರಿ ಸಂಖ್ಯೆ ಕಣ್ರೀ. ಒಂದು, ಇಲ್ಲಾ ತಾನು, ಇನ್ಯಾರಿಗೂ ಭಾಗ ಆಗಲ್ಲ" ಅಂದು, ಪ್ಯಾಂಟು ಮರೆತು ಹೊರಟುಹೋದಿರಿ. ಮಾರನೇ ದಿನ ಬಂದಿದ್ದು ಪ್ಯಾಂಟಿಗೋ ನನಗೋ, ಇವತ್ತಿಗೂ ನೀವು ಬಾಯಿ ಬಿಟ್ಟಿಲ್ಲ. ಶಾಲೆಯಲ್ಲಿ ಮಕ್ಕಳಿಗೆ 'ಅವಿಭಾಜ್ಯ' ಅಂತ ಹೇಳಿಕೊಟ್ಟು, ಮನೆಗೆ ಬಂದು ನನ್ನನ್ನು ಹಠಮಾರಿ ಅಂತ ಕೂಗುತ್ತಿದ್ದಿರಿ.

ಲಕ್ವ ಹೊಡೆದಾಗಿನಿಂದ ಆ ಕೂಗಿಲ್ಲ. "ಅಪ್ಪಂಗೆ ನಾವು ಹೇಳೋದು ಅರ್ಥ ಆಗ್ತಿಲ್ಲಮ್ಮ. ಸುಮ್ನೆ ಆಸೆ ಇಟ್ಕೋಬೇಡ" ಅಂದಳು ಮಗಳು. ಅವಳ ಮೇಲೆ ಸಿಟ್ಟು ಬಂತು. ನನಗೂ ಅದೇ ಭಯವಿದ್ದುದರಿಂದ ಇನ್ನೂ ಜಾಸ್ತಿ ಬಂತು.

ನಿನ್ನೆ ಮಧ್ಯಾಹ್ನ ಬೇರೆ ಮಾತು ತೋಚದೆ, ಹೊಸ ಮೆಷಿನ್ನಿನ ನಂಬರು ಹೇಳಿದೆನಲ್ಲ, 71922917. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎರಡು, ಮೂರು, ಐದು, ಏಳು, ಎಲ್ಲದರಿಂದಲೂ ಭಾಗಿಸಿ ನೋಡಿದ್ದೆ, ಶೇಷ ಉಳಿದೇ ಉಳಿಯಿತು. "ಇದೂ ಹಠಮಾರಿನೇ ರೀ" ಎಂದು ಜಂಬದಿಂದ ಹೇಳಿ ಕಿತ್ತಳೆ ಸುಲಿಯುತ್ತಿದ್ದೆ. ನೀವು ಹುಬ್ಬು ಗಂಟಿಕ್ಕಿದಿರಿ. ತುಟಿ ಎಳೆದಾಡಿಕೊಂಡು, ಬಹಳ ಕಷ್ಟಪಟ್ಟು, "ಹನ್ನೊಂದು" ಅಂದಿರಿ. ನರ್ಸ್ ಗಡಿಯಾರ ನೋಡಿ, "ಇಲ್ಲ ಸರ್, ಈಗ ಮೂರು ಗಂಟೆ" ಅಂದಳು. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನೀವು ಸಿಟ್ಟಿನಿಂದ ಮತ್ತೆ ಅದನ್ನೇ ಅಂದಿರಿ. ನನ್ನ ತಲೆಗೂ ಹೋಗಲಿಲ್ಲ.

ಇವತ್ತು ಬಟ್ಟೆಗೆ ಗುರುತು ಹಾಕುವಾಗ ಹೊಳೆಯಿತು. ಅದೇ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ನಂಬರು ಬರೆದೆ. ನೀವು ಹೇಳಿಕೊಟ್ಟ ಹಾಗೆ ಒಂದು ಅಂಕಿ ಕೂಡುತ್ತ, ಮುಂದಿನದನ್ನು ಕಳೆಯುತ್ತ ಹೋದೆ. ಕೊನೆಗೆ ಸೊನ್ನೆ. ಅಂದರೆ ಹನ್ನೊಂದಕ್ಕೆ ಶೇಷವಿಲ್ಲದೆ ಪೂರ್ತಿ ಬಗ್ಗುತ್ತದೆ. ಬಗ್ಗಲೇಬೇಕಿತ್ತು. ಎರಡು ಕಡೆಯಿಂದಲೂ ಒಂದೇ ಥರ ಇರುವ ಎಂಟಂಕಿಯಲ್ಲಿ ಪ್ರತಿ ಅಂಕಿಗೂ ಒಂದು ಜೋಡಿ ಇರುತ್ತದೆ. ಜೋಡಿಯಲ್ಲಿ ಒಂದನ್ನು ಕೂಡಿದರೆ ಇನ್ನೊಂದನ್ನು ಕಳೆಯಬೇಕಾಗುತ್ತದೆ. ನಿಮಗೆ ಭಾಗಾಕಾರವೇ ಬೇಕಿರಲಿಲ್ಲ, ಕೇಳಿದರೆ ಸಾಕಿತ್ತು. ಇಷ್ಟು ದಿನದ ಮೇಲೆ ಆಡಿದ ಮೊದಲ ಮಾತು, ಅದೂ ನನ್ನ ತಪ್ಪು ತಿದ್ದುವುದಕ್ಕೆ. ಮೇಜಿಗೆ ತಲೆಯಿಟ್ಟು ಸಂತೋಷಕ್ಕೆ ಅತ್ತುಬಿಟ್ಟೆ. ಮಗಳಿಗೆ ಫೋನ್ ಮಾಡಿ, "ಅಪ್ಪಂಗೆ ಎಲ್ಲಾ ಅರ್ಥ ಆಗ್ತಿದೆ ಕಣೇ, ಅರ್ಥ ಆಗದೇ ಇದ್ದಿದ್ದು ನಮಗೆ" ಅಂದೆ.

ಹನ್ನೊಂದರಿಂದ ಭಾಗಿಸಿದರೆ 6538447 ಬಂತು. ಹದಿಮೂರರವರೆಗೂ ನೋಡಿದೆ, ಬಗ್ಗಲಿಲ್ಲ. ಆದರೆ ಹಠಮಾರಿ ಅಂತ ಈ ಸಲ ನಾನು ಬಾಯಿ ಹಾಕುವುದಿಲ್ಲ. ನೀವೇ ಹೇಳಿ. ಅವಸರವಿಲ್ಲ, ನಾಳೆ ಆಗದಿದ್ದರೆ ನಾಳಿದ್ದು.

ದಿನಕ್ಕೊಂದು ಅಂಕಿಯಾದರೂ ನಿಮ್ಮ ನಾಲಿಗೆಗೆ ಬರಲಿ. ನನ್ನ ಹೆಸರು ಎಲ್ಲಕ್ಕಿಂತ ಕೊನೆಗೆ ಬಂದರೂ ಪರವಾಗಿಲ್ಲ, ಕಾಯುತ್ತೇನೆ.

ಇಂತಿ ನಿಮ್ಮ
ಹಠಮಾರಿ