ಪೂನಂಳ ಸೊಂಟದ ಫಿಲ್ಮುಗಳು

ಹುಮನಾಬಾದ
19 ಸೆಪ್ಟೆಂಬರ್ 1999, ರವಿವಾರ

ಪ್ರೀತಿಯ ಜಯಮಾಲಕ್ಕಾ,

ನಿನ್ನ ತಮ್ಮ ಗುರುನಾಥನ ಶರಣು. ನೀನೂ ವೀರಭದ್ರ ಮಾವನವರೂ ಹೇಗಿದ್ದೀರಿ? ಆ ರಾಯಚೂರು ಕಡೆಯ ಊರಿನ ನೀರು ಒಗ್ಗದೆ ಹೊಟ್ಟೆ ಕೆಟ್ಟಿದೆ ಎಂದು ಬರೆದಿದ್ದೆ. ಕಾಯಿಸಿ ಆರಿಸಿದ ನೀರನ್ನೇ ಕುಡಿಯಿರಿ. ವರ್ಗಾವಣೆಯ ಅರ್ಜಿ ಎಲ್ಲಿಗೆ ಬಂತು? ಬಸವಕಲ್ಯಾಣದಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ನಿಮ್ಮೂರಲ್ಲಿ ದವಾಖಾನೆ ಇಲ್ಲವೆಂದು ಅವ್ವನ ಹತ್ತಿರ ಬಿಟ್ಟುಹೋದ ನಿನ್ನ ಮಗಳು ಪೂನಂ ಕೂಡ ಸುಖವಾಗಿದ್ದಾಳೆ. ಮುಂದೆ ಓದುವ ಮೊದಲು ಅದನ್ನು ಮನಸ್ಸಿನಲ್ಲಿ ಇಟ್ಟುಕೋ.

ಸೊಂಟದ ಎಲುಬು ಸವೆದು ವರ್ಷದಿಂದ ಕುಂಟುತ್ತಿದ್ದ ಮಗು ಪೂರ್ತಿ ಸರಿಹೋಗಿಲ್ಲವೆಂದು ಮಂಗಳವಾರ ಅವ್ವ ಅವಳನ್ನು ನಮ್ಮ ದವಾಖಾನೆಗೆ ಕರೆತಂದಳು. ವಾರಕ್ಕೊಮ್ಮೆ ಬರುವ ಎಲುಬಿನ ಡಾಕ್ಟರು ನೋಡಿ, ಎಂದಿನಂತೆ ಸೊಂಟದ ಎಕ್ಸ್‌ರೇಗೆ ಚೀಟಿ ಬರೆದರು. ಆ ಚೀಟಿ ಹಿಡಿದು ಅವ್ವ ನನ್ನ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಬಂದಾಗ, ಅಕ್ಕಾ, ಅದನ್ನು ತೆಗೆದುಕೊಳ್ಳಲು ನನ್ನ ಕೈ ಮುಂದೆ ಬರಲಿಲ್ಲ.

ಕಾರಣ ಹೇಳುತ್ತೇನೆ. ಹೋದ ತಿಂಗಳ ಕೊನೆಗೆ ಗುಲ್ಬರ್ಗಾದಲ್ಲಿ ಎಕ್ಸ್‌ರೇ ತೆಗೆಯುವವರಿಗೆ ಮೂರು ದಿನದ ತರಬೇತಿ ಇತ್ತು. ಪಾಠ ಮಾಡಿದ ವಯಸ್ಸಾದ ಮೇಡಂ, ಬೇಕಾದಾಗ ಹೆದರದೆ ಎಕ್ಸ್‌ರೇ ತೆಗೆಯಲೇಬೇಕು, ಆದರೆ ಮಕ್ಕಳದು ಬೆಳೆಯುತ್ತಿರುವ ಮೈ, ಕಿರಣ ಅದಕ್ಕೆ ಹೆಚ್ಚು ತಾಗುತ್ತದೆ, ತಾಗಿದ್ದು ಎಷ್ಟೋ ವರ್ಷದ ಮೇಲೆ ಕಾಣಿಸಬಹುದು ಎಂದರು. ಮಕ್ಕಳಿಗೆ ಮಷೀನಿನ ಅಳತೆ ಕಡಿಮೆ ಇಡಬೇಕು, ಬೇಕಾದ ಜಾಗಕ್ಕಷ್ಟೇ ಕಿರಣ ಬೀಳಿಸಬೇಕು, ಸೀಸದ ಹೊದಿಕೆ ಹಾಕಬೇಕು, ಹಳೆಯ ಫಿಲ್ಮ್ ಇದ್ದರೆ ಮೊದಲು ಅದನ್ನು ಕೇಳಬೇಕು. ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟೆ. ಹನ್ನೊಂದು ವರ್ಷದಿಂದ ದುಬಲಗುಂಡಿಯ ಹಮಾಲನಿಗೂ ಆರು ವರ್ಷದ ಪೂನಂಗೂ ಒಂದೇ ಅಳತೆ ಇಟ್ಟವನು ನಾನು. ಸೀಸದ ಏಪ್ರನ್ ಮೊಳೆಗೆ ತೂಗುಬಿದ್ದು ಧೂಳು ಹಿಡಿದಿತ್ತು. ನಮ್ಮ ರಿಜಿಸ್ಟರಿನಲ್ಲಿ ಒಂದೇ ವರ್ಷದಲ್ಲಿ ಅವಳ ಹೆಸರಿಗೆ ಆರು ಫಿಲ್ಮ್. ಎಲ್ಲವನ್ನೂ ಪ್ರೀತಿಯಿಂದಲೇ ತೆಗೆದಿದ್ದೆ. ಊಟದ ಹೊತ್ತಿನಲ್ಲಿ ಮೇಡಂ ಅವರನ್ನು ಒಬ್ಬನೇ ಹೋಗಿ ಕೇಳಿದೆ. ಇಷ್ಟರಿಂದ ಏನೂ ಆಗದಿರುವ ಸಂಭವವೇ ಹೆಚ್ಚು, ಇನ್ನು ಮುಂದೆ ಬೇಡದ್ದನ್ನು ತೆಗೆಯಬೇಡಿ ಎಂದರು.

ಅದಕ್ಕೇ, ಹೋದ ತಿಂಗಳು ಬಸವಕಲ್ಯಾಣದಲ್ಲೂ ಒಂದು ಫಿಲ್ಮ್ ತೆಗೆಸಿದ್ದು ನೆನಪಾಗಿ, ಅವ್ವನಿಗೆ "ಕಲ್ಯಾಣದಾಗ ತೆಗಿಸಿದ್ದು ಎಲ್ಲಿ ಅದ?" ಎಂದೆ. "ಮನ್ಯಾಗ ಅದ. ಇಪ್ಪತ್ತು ದಿನದ ಹಳೀದು ಯಾಕ ಬೇಕು? ಹೊಸಾದು ತೆಗಿ" ಎಂದಳು. ನಾನು ಡಾಕ್ಟರ ಬಳಿ ಹೋಗಿ, "ಸಾಹೇಬ್ರ, ನಾಲ್ಕರ ತನಕ ಇರ್ತೀರಲ್ರಿ, ಅಷ್ಟರಾಗ ಆ ಫಿಲ್ಮ್ ತರ್ತೀನಿ. ಅದು ಸಾಲಲಿಲ್ಲಂದ್ರ ನಾನೇ ತೆಗಿತೀನ್ರಿ" ಎಂದೆ. ಅವರ ಮುಖ ಕೆಂಪಾಯಿತು. "ನಾ ಬರದದ್ದು ತೆಗಿಯೋದು ನಿನ್ನ ಕೆಲಸ. ನಾಲ್ಕಕ್ಕ ಬರಲಿಲ್ಲಂದ್ರ ನಾಳಿಂದ ಇಲ್ಲಿ ಕಾಲಿಡಬ್ಯಾಡ" ಎಂದರು. ಅದಕ್ಕಿಂತ ಅವ್ವ ಎಲ್ಲರೆದುರು, "ಅಕ್ಕನ ಕೂಸಂತ ಕಾಳಜಿ ಇಲ್ಲೇನು ನಿನಗ?" ಎಂದದ್ದು ಹೆಚ್ಚು ಚುಚ್ಚಿತು.

ಬಸ್ಸು ಹತ್ತಿ ಕಲ್ಯಾಣಕ್ಕೆ ಹೋದೆ. ಸಂದೂಕು, ಕಪಾಟು, ಅಟ್ಟ ಎಲ್ಲ ತೆಗೆದುನೋಡಿದೆ. ಪಕ್ಕದ ಮನೆಯ ಕಮಳಾಬಾಯಿ ಬಂದು, ಅದಕ್ಕೂ ಹಿಂದಿನ ಒಂದು ಫಿಲ್ಮನ್ನು ಹೋದ ತಿಂಗಳ ಗ್ರಹಣ ನೋಡಲೆಂದು ಓಣಿಯ ಹುಡುಗರು ಕತ್ತರಿಸಿ ಹಂಚಿಕೊಂಡರೆಂದು ನಾಚಿಕೊಂಡು ಹೇಳಿದಳು. ಮತ್ತೆ ಮೊದಲಿಂದ ಹುಡುಕಿದೆ. ಕೊನೆಗೆ ಇಪ್ಪತ್ತು ದಿನದ ಹಿಂದಿನದು ಗಾದಿಯ ಕೆಳಗೆ ಸಿಕ್ಕಿತು. ಬಸ್ಸು ಹೋಗಿಬಿಟ್ಟಿತ್ತು, ನಮ್ಮ ಓಣಿಯ ಅಬ್ದುಲ್ ಕರೀಂ ಚಾಚಾ ತಮ್ಮ ಜೀಪಿನಲ್ಲಿ ತಂದು ಬಿಟ್ಟರು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಡಾಕ್ಟರು ಅದನ್ನು ನಮ್ಮಲ್ಲಿದ್ದ ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ಎಲುಬು ತುಂಬ್ಕೊಳ್ಳಾಕತ್ತದ. ಇದೇ ಸಾಕು. ಮೂರು ತಿಂಗಳು ಯಾವ ಫಿಲ್ಮೂ ಬ್ಯಾಡ, ಓಡಾಡಾಕ ಬಿಡಬ್ಯಾಡ್ರಿ" ಎಂದು ಅವ್ವನಿಗೆ ಹೇಳಿ, ಚೀಟಿಯ ಮೇಲೆ ತಾವೇ ಗೀಟು ಎಳೆದರು. ನನ್ನ ಕಡೆ ನೋಡಲಿಲ್ಲ, ಕೆಲಸದಿಂದಂತೂ ತೆಗೆಯಲಿಲ್ಲ. ಬಸ್‌ ಸ್ಟ್ಯಾಂಡಿನ ತನಕ ಪೂನಂಳನ್ನು ಎತ್ತಿಕೊಂಡು ನಡೆದೆ. ಬಸ್ಸು ಬಂದಾಗ ಅವ್ವ ಬಾಯಿ ಬಿಟ್ಟಳು: "ಮೊದಲ್ಯಾಕ ಹಿಂಗ ಮಾಡಲಿಲ್ಲೋ ಗುರ್ಯಾ?" ಪೂನಂಳನ್ನು ಎತ್ತಿ ಕಿಟಕಿಯ ಪಕ್ಕ ಕೂರಿಸಿದೆ.

ಶುಕ್ರವಾರ ಹುಲಸೂರಿನ ಒಂದು ಕೂಸಿಗೆ ಮಷೀನು ಕಡಿಮೆ ಇಟ್ಟು, ಏಪ್ರನ್ ಹೊದಿಸಿ ತೆಗೆದೆ. ಫಿಲ್ಮ್ ಚೆನ್ನಾಗಿಯೇ ಬಂತು. ಇಷ್ಟು ದಿನವೂ ಅಷ್ಟೇ ಸಾಕಾಗುತ್ತಿತ್ತು.

ಮಾವನವರಿಗೆ ನನ್ನ ಶರಣು ತಿಳಿಸು. ನಿಮ್ಮಿಬ್ಬರ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿನ್ನ ತಮ್ಮ,
ಗುರುನಾಥ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಅಕ್ಕಾ, ನಮ್ಮಲ್ಲಿ ತೆಗೆದದ್ದು ಆರಲ್ಲ, ಒಂಬತ್ತು. ಮೂರು ಸಲ ಪೂನಂ ಅತ್ತು ಅಲುಗಾಡಿ ಫಿಲ್ಮ್ ಕೆಟ್ಟಿತು. ಹೊರಗೆ ಮಂದಿ ಕಾಯುತ್ತಿದ್ದರು. ಅವಳನ್ನು ರಮಿಸುವ ತಾಳ್ಮೆ ನನಗಿರಲಿಲ್ಲ, ಕೂಡಲೇ ಇನ್ನೊಂದು ತೆಗೆದೆ. ಕೆಟ್ಟವನ್ನು ಬರೆಯದೆ ಎಸೆದೆ. ಅವ್ವನಿಗೂ ಡಾಕ್ಟರಿಗೂ ಗೊತ್ತಿಲ್ಲ. ಮಂಗಳವಾರ ಡಾಕ್ಟರು ಬಂದಾಗ ಅವರಿಗೆ ಹೇಳುತ್ತೇನೆ. ನೀನು ನನ್ನ ಮೇಲೆ ಸಿಟ್ಟಾಗು, ಪತ್ರ ಬರೆಯದಿದ್ದರೂ ಸರಿ. ಆದರೆ ಮುಂದೆ ಯಾವ ಊರಿನ ಯಾವ ಡಾಕ್ಟರು ಕೇಳಿದರೂ ಒಂಬತ್ತು ಎಂದೇ ಹೇಳು.